ಎಳೆಯಬೇಕಾದದ್ದು ಸ್ನಾಯುವನ್ನು, ನರವನ್ನಲ್ಲ

ಪರೀಕ್ಷೆ ಹತ್ತಿರವಾದಂತೆ ಓದುವ ಮಕ್ಕಳಿರುವ ಮನೆಗಳಲ್ಲಿ ಕುರ್ಚಿಗಳಿಗೆ ಬಿಡುವೇ ಇರುವುದಿಲ್ಲ. ಬೆಳಗಿನ ಜಾವ ಐದಕ್ಕೆ ಕೂತ ಹುಡುಗ ತಿಂಡಿಗೆ ಏಳುತ್ತಾನೆ, ತಿಂದು ಮತ್ತೆ ಕೂರುತ್ತಾನೆ. ಅವನ ತಂದೆ ಕಚೇರಿಯಲ್ಲಿ ಎಂಟು ಗಂಟೆ ಕೂತು, ಬಸ್ಸಿನಲ್ಲೋ ಸ್ಕೂಟರಿನಲ್ಲೋ ಇನ್ನೊಂದು ಗಂಟೆ ಕೂತು, ಮನೆಗೆ ಬಂದು ಟಿ.ವಿ. ಮುಂದೆ ಕೂರುತ್ತಾರೆ. ಹೀಗೆ ಕೂತು ಕೂತು ಕೆಲವರಿಗೆ ಒಂದು ದಿನ ಒಂದು ಬದಿಯ ಪೃಷ್ಠದ ಆಳದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಮೊದಮೊದಲು ಗಟ್ಟಿ ಬೆಂಚಿನ ಮೇಲೆ ಕೂತಾಗ ಮಾತ್ರ ಇದ್ದದ್ದು ಬರಬರುತ್ತಾ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಕಾಲು ಜೋಮು ಹಿಡಿಯುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸ್ವಲ್ಪ ವಾಸಿ, ಕೂತರೆ ಮತ್ತೆ ಅದೇ ಕಥೆ.

ಇಂಥ ನೋವಿಗೆ ಮನೆಯಲ್ಲೇ ಮೂರು ತೀರ್ಪುಗಳು ಸಿದ್ಧವಾಗಿರುತ್ತವೆ. ಅಜ್ಜಿಯ ಪ್ರಕಾರ ಅದು ವಾಯು. ಪಕ್ಕದ ಮನೆಯವರ ಪ್ರಕಾರ ಡಿಸ್ಕ್ ಜಾರಿದೆ. ಗೆಳೆಯನ ಪ್ರಕಾರ ಎಲ್ಲವೂ ಬಿಗಿದುಕೊಂಡಿರುವುದರ ಫಲ: "ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟೋ, ಎರಡೇ ದಿನದಲ್ಲಿ ಸಡಿಲ ಆಗುತ್ತೆ." ಮೊದಲ ಎರಡು ತೀರ್ಪುಗಳಿಂದ ಆ ಕ್ಷಣಕ್ಕೆ ತೊಂದರೆಯೇನಿಲ್ಲ. ಮೂರನೆಯದನ್ನು ಪಾಲಿಸಿದವರಲ್ಲಿ ಹಲವರಿಗೆ ಮರುದಿನ ನೋವು ಮೊಣಕಾಲಿನ ಕೆಳಗೂ ಇಳಿದಿರುತ್ತದೆ. ಎಳೆತದ ವ್ಯಾಯಾಮ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎಳೆದದ್ದು ಬೇರೆಯದನ್ನು, ಅಷ್ಟೆ.

ನೋವಿಗೆ ಕಾರಣವಾಗಬಲ್ಲ ಒಂದು ಸಣ್ಣ ಸ್ನಾಯುವಿದೆ. ಪಠ್ಯಪುಸ್ತಕಗಳು ಅದರ ಗೊಡವೆಗೆ ಹೋಗುವುದಿಲ್ಲ. ಹೆಸರು ಪಿರಿಫಾರ್ಮಿಸ್. ಲ್ಯಾಟಿನ್ ಭಾಷೆಯಲ್ಲಿ 'ಪಿರಮ್' ಎಂದರೆ ಮರಸೇಬು. ಮರಸೇಬಿನ ಆಕಾರದ್ದು ಎಂದು ಹೆಸರಿನ ಅರ್ಥ. ಕನ್ನಡದ 'ಪಿರ್ರೆ'ಗೂ ಈ ಲ್ಯಾಟಿನ್ ಶಬ್ದಕ್ಕೂ ಯಾವ ನಂಟೂ ಇಲ್ಲ. ಆದರೆ ಸ್ನಾಯು ಇರುವುದು ಅಲ್ಲಿಯೇ ಆದ್ದರಿಂದ ವಿದ್ಯಾರ್ಥಿಗಳಿಗೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ಉಪಾಯ ಸಿಕ್ಕದು.

ಅದು ಎಲ್ಲಿದೆಯೆಂದು ತಿಳಿಯಲು ಒಂದು ಪುಟ್ಟ ಪ್ರಯೋಗ. ನೇರವಾಗಿ ನಿಂತು, ಪ್ಯಾಂಟಿನ ಪಕ್ಕದ ಜೇಬು ಇರುವಲ್ಲಿ ಅಂಗೈಯನ್ನು ಒತ್ತಿ ಹಿಡಿಯಿರಿ. ಹಿಮ್ಮಡಿಯನ್ನು ನೆಲಕ್ಕೂರಿ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಅಂಗೈಯ ಕೆಳಗೆ ಮೂಳೆಯ ಉಬ್ಬೊಂದು ಹೊರಳುವುದು ತಿಳಿಯುತ್ತದೆ. ಅದು ತೊಡೆಮೂಳೆಯ ಮೇಲ್ತುದಿಯ ಉಬ್ಬು. ಈಗ ಇನ್ನೊಂದು ಕೈಯನ್ನು ಬೆನ್ನುಮೂಳೆಯ ಬುಡಕ್ಕೆ ಒಯ್ಯಿರಿ. ಅಲ್ಲಿ ಸಿಗುವ ಅಗಲವಾದ, ಅಲುಗದ ಮೂಳೆ ತ್ರಿಕಾಸ್ಥಿ. ಇದರ ಒಳಮೈಯಿಂದ ಹೊರಟು, ಸೊಂಟದ ಮೂಳೆಗಳ ನಡುವಿನ ಒಂದು ಕಿಂಡಿಯಿಂದ ಹೊರಬಂದು, ಓರೆಯಾಗಿ ಸಾಗಿ ಆ ಉಬ್ಬಿಗೆ ಅಂಟಿಕೊಳ್ಳುವ ಪಟ್ಟಿಯೇ ಪಿರಿಫಾರ್ಮಿಸ್. ಮೇಲೆ ಪೃಷ್ಠದ ದೊಡ್ಡ ಸ್ನಾಯುವಿನ ದಪ್ಪ ಹೊದಿಕೆ ಇರುವುದರಿಂದ ಕೈಗೆ ನೇರವಾಗಿ ಸಿಗುವುದಿಲ್ಲ.

ಅದೇ ಕಿಂಡಿಯಲ್ಲಿ ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಕೆಳಬೆನ್ನಿನ ಕೊನೆಯ 2 ಮತ್ತು ತ್ರಿಕಾಸ್ಥಿಯ ಮೊದಲ 3, ಹೀಗೆ ಒಟ್ಟು 5 ನರಬೇರುಗಳು ಸೇರಿ ಆದ ಸಯಾಟಿಕ್ ನರ. ದೇಹದಲ್ಲಿ ಇದಕ್ಕಿಂತ ದಪ್ಪನೆಯ ನರ ಬೇರೊಂದಿಲ್ಲ. ಹೊರಬರುವಲ್ಲಿ ಸುಮಾರು 2 ಸೆಂಟಿಮೀಟರ್ ಅಗಲವಿರುತ್ತದೆ. ಬಹುತೇಕ ಜನರಲ್ಲಿ ಇದು ಪಿರಿಫಾರ್ಮಿಸ್‌ನ ಅಡಿಯಿಂದ ನುಸುಳಿ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಸ್ನಾಯು ಸೆಟೆದುಕೊಂಡರೆ ಅಥವಾ ಪೆಟ್ಟು ಬಿದ್ದು ಊದಿಕೊಂಡರೆ ನರ ಕೆರಳುತ್ತದೆ. ನೋವು ಹುಟ್ಟುವ ಜಾಗ ಪೃಷ್ಠ. ಆದರೆ ಅದರ ಸುದ್ದಿ ತೊಡೆಗೆ, ಮೀನಖಂಡಕ್ಕೆ, ಕೆಲವೊಮ್ಮೆ ಪಾದಕ್ಕೂ ಮುಟ್ಟುತ್ತದೆ. ಇದೇ ಪಿರಿಫಾರ್ಮಿಸ್ ಸಿಂಡ್ರೋಮ್.

ಎಲ್ಲರಲ್ಲೂ ನರದ ಹಾದಿ ಒಂದೇ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. 1937ರಲ್ಲಿ ಬೀಟನ್ ಮತ್ತು ಆನ್ಸನ್ ಎಂಬ ಅಂಗರಚನಾ ತಜ್ಞರು ಇದನ್ನು 6 ವಿಧಗಳಾಗಿ ವಿಂಗಡಿಸಿದರು. ಕೆಲವರಲ್ಲಿ ನರ ಮೊದಲೇ ಕವಲೊಡೆದು ಒಂದು ಕವಲು ಸ್ನಾಯುವನ್ನೇ ಸೀಳಿಕೊಂಡು ಬರುತ್ತದೆ. ಹಾಗಾದರೆ ಅಂಥವರಿಗೇ ಈ ನೋವು ಬರುತ್ತಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಬಹುಕಾಲ ವೈದ್ಯರಿಗೂ ಹಾಗೆಯೇ ಅನಿಸಿತ್ತು. 2010ರಲ್ಲಿ 6,000ಕ್ಕೂ ಹೆಚ್ಚು ಶವಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇರೆ ಹಾದಿಯ ನರ ಕಂಡದ್ದು ಶೇಕಡಾ 16.9ರಲ್ಲಿ. ಈ ನೋವಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕಂಡದ್ದು ಶೇಕಡಾ 16.2ರಲ್ಲಿ. ಹೆಚ್ಚುಕಡಿಮೆ ಒಂದೇ! ಹುಟ್ಟಿನಿಂದ ಬಂದ ರಚನೆಯೇ ಅಪರಾಧಿ ಎನ್ನಲು ಸಾಕ್ಷ್ಯ ಸಾಲದಾಯಿತು. ಊಹೆ ಎಷ್ಟೇ ಸರಿಯೆಂದು ತೋರಿದರೂ ಎಣಿಸಿ ನೋಡುವವರೆಗೆ ಅದು ಊಹೆಯೇ.

ಸಯಾಟಿಕಾ ನೋವು ಹೊಸದೇನಲ್ಲ. ಆಯುರ್ವೇದದಲ್ಲಿ ಅದಕ್ಕೆ ಗೃಧ್ರಸಿ ಎಂಬ ಹೆಸರಿದೆ. ನೋವು ಪೃಷ್ಠದಲ್ಲಿ ಹುಟ್ಟಿ ತೊಡೆ, ಮಂಡಿಗಳ ಮೂಲಕ ಪಾದದವರೆಗೆ ಸಾಗುವುದನ್ನು ಚರಕ ಸಂಹಿತೆ ವಿವರಿಸುತ್ತದೆ. ಯೂರೋಪಿನಲ್ಲಿ ಈ ನೋವು ಕೀಲಿನದಷ್ಟೇ ಅಲ್ಲ, ನರದ್ದೂ ಇದೆ ಎಂದು ಬೇರ್ಪಡಿಸಿ ಬರೆದವರು ಇಟಲಿಯ ಕೊಟುನ್ಯೊ, 1764ರಲ್ಲಿ. ಆದರೆ ನರವನ್ನು ಹಿಸುಕುವುದು ಯಾವುದು? 1928ರಲ್ಲಿ ಯೋಮನ್ ಎಂಬವರು ಪಿರಿಫಾರ್ಮಿಸ್ ಕಡೆ ಬೆರಳು ತೋರಿಸಿದರು. 1934ರಲ್ಲಿ ಅಮೆರಿಕದ ಫ್ರೈಬರ್ಗ್ ಅದನ್ನು ಮುಂದುವರಿಸಿದರು. ಅದೇ 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರಬೇರನ್ನು ಒತ್ತುವುದೇ ಕಾರಣವೆಂದು ಶಸ್ತ್ರಚಿಕಿತ್ಸೆಯ ಸಾಕ್ಷ್ಯಸಹಿತ ತೋರಿಸಿದರು. ಡಿಸ್ಕ್‌ನ ವಾದ ಗೆದ್ದಿತು. ಗೆದ್ದದ್ದು ನ್ಯಾಯವೇ; ಸಯಾಟಿಕಾದ ಹೆಚ್ಚಿನ ಪ್ರಕರಣಗಳಿಗೆ ಕಾರಣ ಡಿಸ್ಕ್. ಆದರೆ ಅಂದಿನಿಂದ ಸ್ನಾಯುವಿನ ಮಾತು ಹಿಂದೆ ಬಿತ್ತು. 1947ರಲ್ಲಿ ರಾಬಿನ್‌ಸನ್ 'ಪಿರಿಫಾರ್ಮಿಸ್ ಸಿಂಡ್ರೋಮ್' ಎಂಬ ಹೆಸರು ಕೊಟ್ಟರೂ ಅದಕ್ಕೆ ಸಿಕ್ಕ ಮನ್ನಣೆ ಅಷ್ಟಕ್ಕಷ್ಟೆ.

ಇದರ ಪರಿಣಾಮ ಇಂದಿಗೂ ಉಂಟು. ಪೃಷ್ಠದ ನೋವೆಂದು ಹೋದವರು ಎಂ.ಆರ್.ಐ. ಸ್ಕ್ಯಾನ್ ಮಾಡಿಸುತ್ತಾರೆ, ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಬಂದಿರುತ್ತದೆ, ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಇಲ್ಲಿ 1994ರ ಒಂದು ಅಧ್ಯಯನವನ್ನು ನೆನೆಯುವುದು ಒಳ್ಳೆಯದು. ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಬೆನ್ನನ್ನು ಸ್ಕ್ಯಾನ್ ಮಾಡಿ ನೋಡಿದರು. ಅವರಲ್ಲಿ ಶೇಕಡಾ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ಉಬ್ಬು ಇದೆ ಎಂಬುದು ನಿಜ. ಈಗಿನ ನೋವು ಅದರಿಂದಲೇ ಬಂದಿದೆ ಎಂಬುದು ಬೇರೆಯೇ ಮಾತು. ಅದನ್ನು ಹೇಳಬೇಕಾದವರು ಕೈಯಾರೆ ಪರೀಕ್ಷಿಸಿದ ವೈದ್ಯರೇ ಹೊರತು ಚಿತ್ರವಲ್ಲ.

ಪಿರಿಫಾರ್ಮಿಸ್ ಸಿಂಡ್ರೋಮ್ ಅನ್ನು ಖಚಿತವಾಗಿ ಹಿಡಿದುಕೊಡುವ ಒಂದೇ ಪರೀಕ್ಷೆ ಎಂಬುದಿಲ್ಲ. ವೈದ್ಯರು ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಬರುತ್ತಾರೆ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲಿನ ಮಂಡಿ ಮಡಿಸಿ, ತೊಡೆಯನ್ನು ಒಳಕ್ಕೆ ತಂದು ತಿರುಗಿಸಿದಾಗ ಅದೇ ನೋವು ಮರುಕಳಿಸುತ್ತದೆಯೇ ಎಂದು ನೋಡುತ್ತಾರೆ. ಕೂತಾಗ ಹೆಚ್ಚುವುದು, ಪೃಷ್ಠದ ನಡುವೆ ಆಳವಾಗಿ ಒತ್ತಿದರೆ ಚುರುಗುಟ್ಟುವುದು, ಬೆನ್ನಿನಲ್ಲಿ ಅಷ್ಟೇನೂ ನೋವಿಲ್ಲದಿರುವುದು ಸ್ನಾಯುವಿನ ಕಡೆಗೆ ಒಲೆಯುವ ಸುಳಿವುಗಳು. ಕೆಮ್ಮಿದಾಗ, ಸೀನಿದಾಗ ಕಾಲಿಗೆ ಚಳಕು ಹೊಡೆಯುವುದು ಡಿಸ್ಕ್ ಕಡೆಯ ಸುಳಿವು. ಮಕ್ಕಳಿಗಿಂತ ಹೆತ್ತವರ ವಯಸ್ಸಿನವರಲ್ಲೇ ಈ ಸಿಂಡ್ರೋಮ್ ಹೆಚ್ಚು ಎಂಬುದನ್ನೂ ಗಮನಿಸಬೇಕು.

ಈಗ ಎಳೆತದ ವಿಚಾರ. ಸ್ನಾಯುವಿನೊಳಗೆ ಕದಿರಿನ ಆಕಾರದ ಸೂಕ್ಷ್ಮ ಅಂಗಗಳಿವೆ. ಸ್ನಾಯು ಎಷ್ಟು ಉದ್ದವಾಯಿತು, ಎಷ್ಟು ವೇಗವಾಗಿ ಉದ್ದವಾಯಿತು ಎಂಬ ವರದಿಯನ್ನು ಅವು ಬೆನ್ನುಹುರಿಗೆ ಕಳಿಸುತ್ತಿರುತ್ತವೆ. ತಟ್ಟನೆ ಎಳೆದರೆ ಬೆನ್ನುಹುರಿ ಮಿದುಳನ್ನು ಕೇಳಲು ಕಾಯುವುದಿಲ್ಲ, ಸ್ನಾಯುವಿಗೆ ಸಂಕುಚಿಸಲು ಆಜ್ಞೆ ಕೊಟ್ಟುಬಿಡುತ್ತದೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಎಗರುವುದು ಇದೇ ಪರಾವರ್ತಿತ ಕ್ರಿಯೆಯಿಂದ. 1924ರಲ್ಲಿ ಲಿಡ್ಡೆಲ್ ಮತ್ತು ಶೆರಿಂಗ್‌ಟನ್ ಇದನ್ನು ವಿವರವಾಗಿ ಅಭ್ಯಸಿಸಿದರು. ನರಕೋಶಗಳ ಕೆಲಸದ ಸಂಶೋಧನೆಗಾಗಿ ಶೆರಿಂಗ್‌ಟನ್ನರಿಗೆ 1932ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಮೇಲೆ ಕೆಳಗೆ ಜಗ್ಗುತ್ತಾ, 'ಒಂದು, ಎರಡು' ಎಂದು ಕುಲುಕುತ್ತಾ ಎಳೆದರೆ ಸಡಿಲಾಗಬೇಕಾದ ಸ್ನಾಯು ಬಿಗಿಯುವುದು ಈ ಕಾರಣಕ್ಕೆ. ನಿಧಾನವಾಗಿ ಎಳೆದು, ಅಲುಗದೆ ಹಿಡಿದುಕೊಂಡರೆ ಕದಿರುಗಳ ಕೂಗು ತಗ್ಗುತ್ತದೆ.

ಎಷ್ಟು ಹೊತ್ತು ಹಿಡಿಯಬೇಕು? ತೊಡೆಯ ಹಿಂಭಾಗದ ಸ್ನಾಯುಗಳ ಮೇಲೆ 1994ರಲ್ಲಿ ಬ್ಯಾಂಡಿ ಮತ್ತು ಇರಿಯನ್ 15, 30, 60 ಸೆಕೆಂಡುಗಳ ಎಳೆತವನ್ನು 6 ವಾರ ಪರೀಕ್ಷಿಸಿದರು. 15ಕ್ಕಿಂತ 30 ಮೇಲು. 30ಕ್ಕೂ 60ಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ಅರ್ಧ ನಿಮಿಷ ಸಾಕು. ಇನ್ನೊಂದು ಮಾತು: ಕೆಲವು ವಾರ ಎಳೆದರೆ ಸ್ನಾಯು ರಬ್ಬರಿನಂತೆ ಉದ್ದವಾಗಿಬಿಡುತ್ತದೆ ಎಂಬ ನಂಬಿಕೆ ಅಷ್ಟು ಸರಿಯಲ್ಲ. ಮೊದಲ ವಾರಗಳಲ್ಲಿ ಬದಲಾಗುವುದು ಹೆಚ್ಚಾಗಿ ಎಳೆತವನ್ನು ಸಹಿಸುವ ನರಮಂಡಲದ ಮಿತಿ ಎಂಬ ವಾದಕ್ಕೆ ಈಗ ಬಲವಿದೆ. ಆದ್ದರಿಂದಲೇ ದಿನಕ್ಕೆರಡು ಬಾರಿ ಸ್ವಲ್ಪ ಸ್ವಲ್ಪ ಎಳೆದವರಿಗೆ ಸಿಗುವ ಲಾಭ ಭಾನುವಾರ ಒಂದೇ ದಿನ ಮೈಮುರಿಯೆ ಎಳೆದವರಿಗೆ ಸಿಗುವುದಿಲ್ಲ.

ಇನ್ನು ದಿಕ್ಕು. ತಪ್ಪುವುದು ಇಲ್ಲಿಯೇ. ನಿಂತಿರುವಾಗ ಪಿರಿಫಾರ್ಮಿಸ್ ಸಂಕುಚಿಸಿದರೆ ತೊಡೆ ಹೊರಕ್ಕೆ ತಿರುಗುತ್ತದೆ. ಆದರೆ ತೊಡೆಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಿ ಎದೆಯ ಕಡೆ ತಂದಾಗ ಅದೇ ಸ್ನಾಯು ಅದೇ ತೊಡೆಯನ್ನು ಒಳಕ್ಕೆ ತಿರುಗಿಸುತ್ತದೆ! ಸ್ನಾಯು ಬದಲಾಗಿಲ್ಲ, ಎಳೆಯುವ ರೇಖೆ ಬದಲಾಗಿದೆ. ಗೇಟಿನ ತಿರುಗಣಿಯ ಒಂದು ಪಕ್ಕದಿಂದ ಹಗ್ಗ ಎಳೆದರೆ ಗೇಟು ತೆರೆಯುತ್ತದೆ. ಅದೇ ಹಗ್ಗ ತಿರುಗಣಿಯ ಇನ್ನೊಂದು ಪಕ್ಕಕ್ಕೆ ಸರಿದರೆ ಅದೇ ಎಳೆತಕ್ಕೆ ಗೇಟು ಮುಚ್ಚುತ್ತದೆ. ಬಲದ ಭ್ರಮಣ ಪರಿಣಾಮದ ಪಾಠ ಓದಿದವರಿಗೆ ಇದು ಅಪರಿಚಿತವಲ್ಲ. ಸ್ನಾಯುವನ್ನು ಎಳೆಯಬೇಕಾದರೆ ಅದು ಮಾಡುವ ಕೆಲಸಕ್ಕೆ ವಿರುದ್ಧ ದಿಕ್ಕಿಗೆ ಒಯ್ಯಬೇಕು. ತೊಡೆ ಮಡಿಸಿದ್ದಾಗ ವಿರುದ್ಧ ಎಂದರೆ ತೊಡೆಯನ್ನು ಮೈಯ ನಡುಗೆರೆ ದಾಟಿಸುವುದು ಮತ್ತು ಹೊರಕ್ಕೆ ತಿರುಗಿಸುವುದು. ಮಂಡಿ ನೆಟ್ಟಗಿಟ್ಟು ಬಗ್ಗಿ ಕಾಲ್ಬೆರಳು ಮುಟ್ಟುವುದರಲ್ಲಿ ಇವೆರಡೂ ಇಲ್ಲ. ಅಲ್ಲಿ ಬಿಗಿಯುವುದು ತೊಡೆಯ ಹಿಂಭಾಗ ಮತ್ತು ಅದರ ಜೊತೆಗೇ ಸಾಗುವ, ಮೊದಲೇ ಕೆರಳಿರುವ ಸಯಾಟಿಕ್ ನರ.

ಮಾಡುವ ಕ್ರಮ ಹೀಗೆ. ಐದು ನಿಮಿಷ ಮನೆಯೊಳಗೇ ಓಡಾಡಿ ಮೈ ಬೆಚ್ಚಗಾದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಬೇಕು. ನೋವು ಬಲಗಡೆ ಇದೆ ಎನ್ನೋಣ. ಎಡಗಾಲನ್ನು ಚಾಚಿ, ಬಲ ಮಂಡಿಯನ್ನು ಮಡಿಸಿ ಎದೆಯ ಕಡೆಗೆ ತರಬೇಕು. ಬಲಗೈ ಮಂಡಿಯ ಹೊರಬದಿಯಲ್ಲಿ, ಎಡಗೈ ಕಾಲ್ಗಿಣ್ಣಿನ ಬಳಿ. ಉಸಿರು ಬಿಡುತ್ತಾ ಮಂಡಿಯನ್ನು ಎಡ ಭುಜದ ಕಡೆಗೆ ನಿಧಾನವಾಗಿ ಒಯ್ಯಬೇಕು. ಬೆನ್ನು ಚಾಪೆಯಿಂದ ಏಳಬಾರದು. ಪೃಷ್ಠದ ಆಳದಲ್ಲಿ ಹಿತವಾದ ಎಳೆತ ಸಿಕ್ಕಿದ ಕೂಡಲೇ ನಿಲ್ಲಿಸಿ, 30 ಸೆಕೆಂಡು ಹಿಡಿದು, ಬಂದಷ್ಟೇ ನಿಧಾನವಾಗಿ ಬಿಡಬೇಕು. ಮೂರು ಸಲ, ಆಮೇಲೆ ಇನ್ನೊಂದು ಕಾಲು.

ಇದು ಒಗ್ಗಿದ ಮೇಲೆ ಎರಡನೆಯದು. ಎರಡೂ ಮಂಡಿ ಮಡಿಸಿ, ಬಲಗಾಲಿನ ಗಿಣ್ಣನ್ನು ಎಡ ಮಂಡಿಗಿಂತ ತುಸು ಮೇಲೆ, ತೊಡೆಯ ಮೇಲಿಡಬೇಕು. ಎರಡೂ ಕೈಗಳಿಂದ ಎಡ ತೊಡೆಯ ಹಿಂಭಾಗ ಹಿಡಿದು ಎದೆಯ ಕಡೆಗೆ ಎಳೆದುಕೊಂಡರೆ ಬಲ ಪೃಷ್ಠ ಬಿಗಿಯುತ್ತದೆ. ಇದರಲ್ಲಿ ಮಂಡಿಯಲ್ಲೇ ನೋವು ಕಾಣಿಸಿದರೆ ಬಿಟ್ಟುಬಿಡುವುದು ಲೇಸು. ಕೆಲವರ ಮಂಡಿಗೆ ಈ ಭಂಗಿ ಒಗ್ಗುವುದಿಲ್ಲ. ಕಚೇರಿಯಲ್ಲೋ ಓದುವ ಕೋಣೆಯಲ್ಲೋ ಕುರ್ಚಿಯ ಮೇಲೆ ಕೂತೇ ಇದನ್ನು ಮಾಡಬಹುದು: ಕಾಲ್ಗಿಣ್ಣು ಇನ್ನೊಂದು ತೊಡೆಯ ಮೇಲೆ, ಬೆನ್ನು ನೆಟ್ಟಗೆ, ಸೊಂಟದಿಂದ ಮುಂದಕ್ಕೆ ಬಾಗುವುದು. ಗೂನು ಬೆನ್ನು ಮಾಡಿಕೊಂಡು ಬಾಗಿದರೆ ಬೆನ್ನು ಬಾಗುತ್ತದೆಯೇ ವಿನಾ ಸ್ನಾಯುವಿಗೆ ಏನೂ ತಲುಪದು. ಯೋಗಾಭ್ಯಾಸ ಇರುವವರಿಗೆ ಇದೆಲ್ಲ ಎಲ್ಲೋ ನೋಡಿದಂತೆ ಅನಿಸಬಹುದು. ಗೋಮುಖಾಸನದಲ್ಲೂ ಅರ್ಧ ಮತ್ಸ್ಯೇಂದ್ರಾಸನದಲ್ಲೂ ಮಡಿಸಿದ ತೊಡೆ ನಡುಗೆರೆ ದಾಟುತ್ತದೆ. ಎಳೆತಕ್ಕೊಳಗಾಗುವುದು ಇದೇ ಪ್ರದೇಶ.

ಎಳೆಯುವಾಗ ಪೃಷ್ಠದಲ್ಲಿ ಮಂದವಾದ ಬಿಗಿತ ಬಂದರೆ ಅದು ಸ್ನಾಯುವಿನ ಉತ್ತರ. ಕಾಲಿನುದ್ದಕ್ಕೂ ಕರೆಂಟು ಹೊಡೆದಂತಾದರೆ, ಪಾದದಲ್ಲಿ ಜುಮುಜುಮು ಎದ್ದರೆ ಉತ್ತರಿಸಿದ್ದು ನರ. ಆಗ ಕೂಡಲೇ ಸಡಿಲಿಸಬೇಕು, ಮತ್ತೆ ಅಷ್ಟು ದೂರ ಹೋಗಬಾರದು. 'ನೋವಾದಷ್ಟೂ ಒಳ್ಳೆಯದು' ಎಂಬ ವ್ಯಾಯಾಮಶಾಲೆಯ ಗಾದೆ ನರದ ವಿಷಯದಲ್ಲಿ ಶುದ್ಧ ಅಪಾಯ. ತೊಡೆಕೀಲು ಬದಲಾಯಿಸಿಕೊಂಡ ಹಿರಿಯರು ಈ ಯಾವುದನ್ನೂ ತಮ್ಮ ಶಸ್ತ್ರವೈದ್ಯರನ್ನು ಕೇಳದೆ ಮಾಡಕೂಡದು. ತೊಡೆಯನ್ನು ಹೀಗೆ ಮಡಿಸಿ ನಡುಗೆರೆ ದಾಟಿಸಿದರೆ ಕೃತಕ ಕೀಲು ಜಾರುವ ಸಂಭವವಿದೆ. ಗರ್ಭಿಣಿಯರೂ ಮೂಳೆ ಸವೆತ ಇರುವವರೂ ಮೊದಲು ವೈದ್ಯರನ್ನು ವಿಚಾರಿಸಬೇಕು. ಎರಡು ಮೂರು ವಾರ ಕ್ರಮವಾಗಿ ಮಾಡಿಯೂ ಗುಣ ಕಾಣದಿದ್ದರೆ ಮುಂದುವರಿಸುವ ಹಟ ಬೇಡ.

ಎಳೆತಕ್ಕಿಂತ ಮೊದಲು ನೋವಿನ ಕಾರಣವನ್ನು ಜೇಬಿನಲ್ಲಿ ಹುಡುಕಬೇಕಾದ ಪ್ರಸಂಗವೂ ಉಂಟು. ಹಿಂಜೇಬಿನಲ್ಲಿ ದಪ್ಪ ಪರ್ಸು ಇಟ್ಟುಕೊಂಡು ಗಂಟೆಗಟ್ಟಲೆ ಕೂರುವವರಿಗೆ ಬರುವ ಸಯಾಟಿಕಾ ನೋವಿನ ಬಗ್ಗೆ 1978ರಲ್ಲೇ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಟಿಪ್ಪಣಿ ಬಂದಿತ್ತು. ಹಣ, ಗುರುತಿನ ಚೀಟಿ, ಹಳೆಯ ಬಸ್ ಟಿಕೆಟ್ಟುಗಳ ಸಮೇತ ಒಂದೂವರೆ ಅಂಗುಲ ದಪ್ಪವಾದ ಪರ್ಸು ಸೊಂಟವನ್ನು ಓರೆ ಮಾಡಿ, ಪೃಷ್ಠವನ್ನು ಒತ್ತುತ್ತಲೇ ಇರುತ್ತದೆ. ಅದನ್ನು ಮುಂದಿನ ಜೇಬಿಗೆ ಬದಲಾಯಿಸಲು ಯಾವ ಖರ್ಚೂ ಇಲ್ಲ. ಓದುವ ಮಕ್ಕಳಾದರೆ ಮುಕ್ಕಾಲು ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದನ್ನು ರೂಢಿಸಿಕೊಂಡರಾಯಿತು. "ಆಗಲೇ ಎದ್ದೆಯಾ?" ಎಂದು ಗದರುವುದನ್ನು ಅಮ್ಮಂದಿರು ಸ್ವಲ್ಪ ಕಡಿಮೆ ಮಾಡಬಹುದು.

ಕೆಲವು ಲಕ್ಷಣಗಳಿದ್ದಾಗ ಮಾತ್ರ ವ್ಯಾಯಾಮದ ಮಾತನ್ನೇ ಎತ್ತಬಾರದು. ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ಕೂರುವ ಭಾಗದ ಸುತ್ತ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲಾಗದೆ ನಡೆಯುವಾಗ ಎಳೆದಾಡುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕೂಡ ತಡಮಾಡಬಾರದು. ಹದಿಹರೆಯ ದಾಟಿದ ಹುಡುಗರಲ್ಲಿ ಒಮ್ಮೆ ಬಲ, ಒಮ್ಮೆ ಎಡ ಎಂದು ಪೃಷ್ಠದ ನೋವು ತಿಂಗಳುಗಟ್ಟಲೆ ಬದಲಾಗುತ್ತಾ, ಬೆಳಿಗ್ಗೆ ಏಳುವಾಗ ಬೆನ್ನು ಮರಗಟ್ಟಿದಂತಿದ್ದು ಓಡಾಡಿದ ಮೇಲೆ ಸಡಿಲಾಗುತ್ತಿದ್ದರೆ ಅದು ಬೆನ್ನುಮೂಳೆಯ ಉರಿಯೂತದ ಬೇರೊಂದು ಕಾಯಿಲೆ ಇರಬಹುದು. ಅದಕ್ಕೆ ಔಷಧಿ ಬೇಕು.

ಹೆತ್ತವರು ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದ್ದು 10ರಿಂದ 16 ವರ್ಷದ ಮಕ್ಕಳ ಒಂದು ತೊಂದರೆ. ಬೆಳೆಯುವ ವಯಸ್ಸಿನಲ್ಲಿ ತೊಡೆಮೂಳೆಯ ತಲೆಗೂ ಕತ್ತಿಗೂ ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಆ ಪದರದ ಬಳಿ ಮೂಳೆ ಸ್ವಲ್ಪ ಸ್ವಲ್ಪವೇ ಜಾರತೊಡಗುತ್ತದೆ. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ, ತೊಡೆಸಂದು, ತೊಡೆ ಅಥವಾ ಮಂಡಿ ನೋಯುತ್ತದೆ ಎನ್ನುತ್ತದೆ. 'ಸ್ನಾಯು ಹಿಡಿದಿರಬೇಕು' ಎಂದು ಅಂಥ ಕಾಲನ್ನು ಮಡಿಸಿ, ತಿರುಗಿಸಿ ಎಳೆದರೆ ಜಾರುತ್ತಿರುವ ಮೂಳೆ ಇನ್ನಷ್ಟು ಜಾರಿ, ಅದರ ತಲೆಗೆ ರಕ್ತ ಒದಗಿಸುವ ನಾಳಗಳಿಗೇ ಪೆಟ್ಟಾಗಬಹುದು. ಕುಂಟುವ ಮಗುವಿನ ಕಾಲಿಗೆ ಭಾರ ಬೀಳದಂತೆ ನೋಡಿಕೊಂಡು ಅದೇ ದಿನ ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನೋವು ಮಂಡಿಯಲ್ಲೇ ಇದೆ ಎಂದು ಮಗು ತೋರಿಸಿದರೂ ವೈದ್ಯರು ತೊಡೆಕೀಲಿನ ಎಕ್ಸ್‌ರೇಯನ್ನು ಎರಡು ಕೋನಗಳಿಂದ ತೆಗೆಸುತ್ತಾರೆ.